ಕಿವಿಗೆ ಗ್ರೋಮೆಟ್ ಹಾಕಿಸಿದ ಮಗು ಈಜಬಹುದೇ? ಥಾಣೆ, ಡೊಂಬಿವಲಿ ಪೋಷಕರು ಮೊದಲು ನೋಡಬೇಕಾದ್ದು 'ಯಾವ ನೀರು' ಎಂಬುದನ್ನು

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಹೌಸಿಂಗ್ ಸೊಸೈಟಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: ಸ್ವಿಮ್ಮಿಂಗ್ ಬ್ಯಾಚ್ ಯಾವಾಗ, ಫೀ ಎಷ್ಟು, ಕೋಚ್ ಯಾರು? ಅಕ್ಕಪಕ್ಕದ ಮಕ್ಕಳೆಲ್ಲ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಡುವಾಗ ಒಂದಿಬ್ಬರು ಮಾತ್ರ ಬಾಲ್ಕನಿಯಲ್ಲೇ ಉಳಿಯುತ್ತಾರೆ. ಕಾರಣ ಕೇಳಿದರೆ ಸಿಗುವ ಉತ್ತರ, "ಅವನ ಕಿವಿಗೆ ಟ್ಯೂಬ್ ಹಾಕಿದ್ದಾರೆ, ನೀರು ತಾಗಬಾರದು."

ಈ ಮಾತು ಎಷ್ಟು ನಿಜ? ಕಳೆದ ಎರಡು ದಶಕಗಳ ಅಧ್ಯಯನಗಳನ್ನು ನೋಡಿದರೆ, ಎಲ್ಲ ಮಕ್ಕಳಿಗೂ ಎಲ್ಲ ನೀರಿಗೂ ಅನ್ವಯಿಸುವ ಇಂಥ ನಿಷೇಧಕ್ಕೆ ಗಟ್ಟಿ ಆಧಾರವಿಲ್ಲ. ಹಾಗೆಂದು "ಎಲ್ಲಿ ಬೇಕಾದರೂ ಧುಮುಕಲಿ" ಎಂದೂ ಆ ಅಧ್ಯಯನಗಳು ಹೇಳುವುದಿಲ್ಲ. ಒಂದು ಕಡೆ ಕ್ಲೋರಿನ್ ಹಾಕಿದ ಈಜುಕೊಳ, ಇನ್ನೊಂದು ಕಡೆ ಉಲ್ಹಾಸ್ ನದಿ, ಮಳೆಗಾಲದ ಜಲಪಾತ, ಮೇ ತಿಂಗಳಲ್ಲಿ ಊರಿನ ಕೆರೆ. ನಮ್ಮ ಮಕ್ಕಳು ಇಳಿಯುವ ನೀರೆಲ್ಲ ಒಂದೇ ಥರದ್ದಲ್ಲ. ಇಡೀ ಚರ್ಚೆಯಲ್ಲಿ ಬಿಟ್ಟುಹೋಗುತ್ತಿರುವುದು ಇದೇ ವ್ಯತ್ಯಾಸ.

ಏನಿದು ಗ್ರೋಮೆಟ್?

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆ ಇರುತ್ತದೆ. ಅದೇ ನಡುಕಿವಿ. ಅಲ್ಲಿಗೆ ಗಾಳಿ ಹೋಗಿಬರುವುದು ಮೂಗಿನ ಹಿಂಭಾಗದಿಂದ ಬರುವ ಯುಸ್ಟೇಶಿಯನ್ ನಾಳದ ಮೂಲಕ. ಮಕ್ಕಳಲ್ಲಿ ಈ ನಾಳ ಗಿಡ್ಡ, ಹೆಚ್ಚು ಅಡ್ಡಡ್ಡ. ಪದೇ ಪದೇ ಶೀತವಾದಾಗ ಅದು ಕಟ್ಟಿಕೊಳ್ಳುತ್ತದೆ, ನಡುಕಿವಿಯಲ್ಲಿ ದ್ರವ ನಿಲ್ಲುತ್ತದೆ. ಕೆಲವರಲ್ಲಿ ಅದು ಅಂಟಿನಂತೆ ದಪ್ಪವಾಗುವುದರಿಂದ 'ಗ್ಲೂ ಇಯರ್' ಎನ್ನುತ್ತಾರೆ. ನೋವು ಇರಲೇಬೇಕೆಂದಿಲ್ಲ. ಆದರೆ ಮಗುವಿಗೆ ಮಾತು ಮಂದವಾಗಿ ಕೇಳುತ್ತದೆ. ಟಿವಿ ಜೋರಾಗಿ ಇಡುವುದು, ಕರೆದರೆ ತಿರುಗದಿರುವುದು, ತರಗತಿಯಲ್ಲಿ "ಗಮನ ಕೊಡಲ್ಲ" ಎಂಬ ದೂರು, ಇವೆಲ್ಲ ಎಷ್ಟೋ ಸಲ ಇದರ ಲಕ್ಷಣ.

ಡೊಂಬಿವಲಿಯಲ್ಲಿ ಬೆಳೆಯುವ ಕನ್ನಡದ ಮಗುವನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಕನ್ನಡ ಅಥವಾ ತುಳು, ಮೈದಾನದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಲೋಕಲ್ ರೈಲಿನಲ್ಲಿ ಹಿಂದಿ. ನಾಲ್ಕು ಭಾಷೆ ಕಲಿಯುವ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಅರ್ಧಂಬರ್ಧ ಕೇಳಿಸಿದರೆ ನಷ್ಟ ಸಣ್ಣದಲ್ಲ. "ನಾಲ್ಕು ಭಾಷೆಯ ಗೊಂದಲ, ಅದಕ್ಕೇ ಮಾತು ತಡ" ಎಂದು ಸಮಾಧಾನ ಮಾಡಿಕೊಂಡು ಕಿವಿ ಪರೀಕ್ಷೆಯನ್ನೇ ಮುಂದೂಡುವ ಅಪಾಯವೂ ಇಂಥ ಮನೆಗಳಲ್ಲೇ ಹೆಚ್ಚು.

ಬಹಳಷ್ಟು ಮಕ್ಕಳಲ್ಲಿ ದ್ರವ ತಾನಾಗಿಯೇ ಕರಗುತ್ತದೆ. ಮೂರು ತಿಂಗಳಾದರೂ ಉಳಿದು, ಕೇಳುವಿಕೆಗೆ ತೊಂದರೆಯಾದರೆ ವೈದ್ಯರು ಗ್ರೋಮೆಟ್ ಬಗ್ಗೆ ಯೋಚಿಸುತ್ತಾರೆ. ಅರಿವಳಿಕೆ ಕೊಟ್ಟು, ತಮಟೆಯಲ್ಲಿ ಸಣ್ಣ ಸೀಳು ಮಾಡಿ, ದ್ರವ ಹೀರಿ ತೆಗೆದು, ಅಲ್ಲೊಂದು ಪುಟ್ಟ ನಳಿಕೆ ಕೂರಿಸುತ್ತಾರೆ. ಅದರ ತೂತು ಒಂದೆರಡು ಮಿಲಿಮೀಟರಿನೊಳಗೆ. ಅಮೆರಿಕದ ವೈದ್ಯ ಬೆವರ್ಲಿ ಆರ್ಮ್‌ಸ್ಟ್ರಾಂಗ್ 1954ರಲ್ಲಿ ಈ ವಿಧಾನವನ್ನು ಮತ್ತೆ ಬಳಕೆಗೆ ತಂದರು. ಸಾಮಾನ್ಯ ಗ್ರೋಮೆಟ್ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನಾಗಿಯೇ ಹೊರಬೀಳುತ್ತದೆ. ಅಂದರೆ, "ಟ್ಯೂಬ್ ಬೀಳುವ ತನಕ ನೀರಿಗೆ ಇಳಿಯಬೇಡ" ಎಂದರೆ ಮಗುವಿನ ಪಾಲಿಗೆ ಒಂದೋ ಎರಡೋ ಬೇಸಿಗೆ ಹೋದಂತೆ.

ಭಯ ಎಲ್ಲಿಂದ ಬಂತು, ಅಧ್ಯಯನ ಏನು ಹೇಳಿತು?

ತರ್ಕ ಸರಳವಾಗಿತ್ತು. ತಮಟೆಯಲ್ಲಿ ತೂತಿದೆ, ಹೊರಗಿನ ನೀರು ಒಳಗೆ ಹೋಗುತ್ತದೆ, ಸೋಂಕಾಗಿ ಕಿವಿ ಸೋರುತ್ತದೆ. ಕಿವಿ ಸೋರುವ ಕಾಯಿಲೆಯನ್ನು ತಲೆಮಾರುಗಳಿಂದ ಕಂಡ ನಮ್ಮ ಮನೆಗಳಿಗೆ ಈ ಮಾತು ತಟ್ಟನೆ ಒಪ್ಪಿಗೆಯಾಯಿತು. ದಶಕಗಳ ಕಾಲ ವೈದ್ಯರೂ ಇದನ್ನೇ ಹೇಳುತ್ತಿದ್ದರು.

2005ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ತಂಡವೊಂದು ಇದನ್ನು ನೇರವಾಗಿ ಪರೀಕ್ಷೆಗಿಟ್ಟಿತು. ಗ್ರೋಮೆಟ್ ಹಾಕಿಸಿಕೊಂಡ 201 ಪುಟ್ಟ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ನೀರಿಗಿಳಿಯುವಾಗಲೆಲ್ಲ ಇಯರ್‌ಪ್ಲಗ್ ಹಾಕಬೇಕು, ಇನ್ನೊಂದು ಗುಂಪಿಗೆ ಅದಿಲ್ಲ. ಪ್ಲಗ್ ಹಾಕಿದವರಲ್ಲಿ ಶೇ 47 ಮಕ್ಕಳಿಗೆ ಒಮ್ಮೆಯಾದರೂ ಕಿವಿ ಸೋರಿತು. ಹಾಕದವರಲ್ಲಿ ಆ ಪ್ರಮಾಣ ಶೇ 56. ವ್ಯತ್ಯಾಸ ಇದೆ, ಆದರೆ ಎಷ್ಟು? ಒಂದೇ ಒಂದು ಸೋರುವಿಕೆ ತಪ್ಪಿಸಲು ಒಂದು ಮಗು ಸರಾಸರಿ 2.8 ವರ್ಷ ಪ್ಲಗ್ ಹಾಕಿಕೊಳ್ಳಬೇಕಾಗುತ್ತದೆ ಎಂದು ಲೆಕ್ಕ ಬಂತು. ಗ್ರೋಮೆಟ್ಟೇ ಅಷ್ಟು ಕಾಲ ಕಿವಿಯಲ್ಲಿ ಇರುವುದಿಲ್ಲ!

ಇನ್ನೂ ಒಂದು ಅಂಶವಿದೆ. ಪ್ಲಗ್ ಹಾಕಿದರೂ ಸುಮಾರು ಅರ್ಧದಷ್ಟು ಮಕ್ಕಳ ಕಿವಿ ಸೋರಿದೆ. ಏಕೆಂದರೆ ಗ್ರೋಮೆಟ್ ಇರುವ ಕಿವಿ ಸೋರಲು ನೀರೇ ಬೇಕಾಗಿಲ್ಲ. ಶೀತ, ನೆಗಡಿ ಬಂದಾಗ ಮೂಗಿನ ಕಡೆಯಿಂದಲೇ ಸೋಂಕು ನಡುಕಿವಿಗೆ ಏರುತ್ತದೆ. ಈಜಿದ ಮರುದಿನ ಕಿವಿ ಸೋರಿತೆಂದರೆ ನಾವು ಈಜುಕೊಳವನ್ನು ಬೈಯುತ್ತೇವೆ, ಅದೇ ವಾರ ಮಗುವಿಗೆ ಮೂಗು ಸೋರುತ್ತಿದ್ದದ್ದನ್ನು ಮರೆಯುತ್ತೇವೆ.

2016ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ ಇಂಥ ಎರಡು ಪ್ರಯೋಗಗಳ ಒಟ್ಟು 413 ಮಕ್ಕಳ ಮಾಹಿತಿಯನ್ನು ಅಳೆದು ನೋಡಿತು. ಈಜು, ತಲೆ ಮುಳುಗಿಸುವುದನ್ನು ತಪ್ಪಿಸಿದ ಮಕ್ಕಳಿಗೂ ತಪ್ಪಿಸದವರಿಗೂ ಕಿವಿ ಸೋರುವಿಕೆಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿ 2013ರ ತನ್ನ ಮಾರ್ಗಸೂಚಿಯಲ್ಲಿ, ಮತ್ತೆ 2022ರ ಪರಿಷ್ಕರಣೆಯಲ್ಲಿ, ಗ್ರೋಮೆಟ್ ಇರುವ ಮಕ್ಕಳಿಗೆ ವಾಡಿಕೆಯಾಗಿ ಇಯರ್‌ಪ್ಲಗ್, ತಲೆಪಟ್ಟಿ ಅಥವಾ ಈಜು ನಿಷೇಧ ಸೂಚಿಸಬಾರದು ಎಂದೇ ಹೇಳಿದೆ.

ಸೋಪಿನ ನೀರೇಕೆ ಬೇರೆ?

ಕಿವಿಗೆ ನೀರು ಹೋದರೂ ಅದು ಗ್ರೋಮೆಟ್ ದಾಟಿ ಒಳಗೆ ಇಳಿಯದಿರುವುದಕ್ಕೆ ಸರಳ ಭೌತಶಾಸ್ತ್ರ ಕಾರಣ. ಅಷ್ಟು ಸಣ್ಣ ತೂತಿನ ಬಾಯಲ್ಲಿ ನೀರಿನ ಮೇಲ್ಮೈ ಎಳೆತ ಒಂದು ಪೊರೆಯಂತೆ ತಡೆಯುತ್ತದೆ. ಅದನ್ನು ದಾಟಿಸಲು ಒತ್ತಡ ಬೇಕು. ಮೇಲುಮೇಲೆ ಈಜುವಾಗ ಆ ಒತ್ತಡ ಸಾಮಾನ್ಯವಾಗಿ ಬರುವುದಿಲ್ಲ. ಆಳಕ್ಕೆ ಮುಳುಗಿದರೆ, ಎತ್ತರದಿಂದ ಹಾರಿದರೆ ಬರುತ್ತದೆ. ಮಾರ್ಗಸೂಚಿಯೂ 6 ಅಡಿಗಿಂತ ಆಳಕ್ಕೆ ಮುಳುಗುವವರು ಎಚ್ಚರಿಕೆ ವಹಿಸುವುದು ಒಳಿತು ಎನ್ನುತ್ತದೆ.

ಸೋಪು, ಶಾಂಪೂ ಈ ಪೊರೆಯನ್ನೇ ಸಡಿಲ ಮಾಡುತ್ತವೆ. ಹಾಗಾಗಿ ಸೋಪಿನ ನೀರು ಶುದ್ಧ ನೀರಿಗಿಂತ ಸುಲಭವಾಗಿ ತೂತು ದಾಟುತ್ತದೆ. ತಮಾಷೆಯೆಂದರೆ, ಈಜುಕೊಳಕ್ಕೆ ಕಳಿಸಲು ಹೆದರುವ ಮನೆಯಲ್ಲೇ ಬಚ್ಚಲಲ್ಲಿ ತಲೆಗೆ ಶಾಂಪೂ ಹಚ್ಚಿ ಚೊಂಬಿನಿಂದ ನೇರ ಕಿವಿಯ ಮೇಲೆ ನೀರು ಸುರಿಯುತ್ತಿರುತ್ತಾರೆ. ತಲೆ ಸ್ನಾನದ ವೇಳೆ ವ್ಯಾಸಲಿನ್ ಹಚ್ಚಿದ ಹತ್ತಿಯನ್ನು ಕಿವಿಯ ಬಾಯಿಗೆ (ಒಳಗೆ ತುರುಕದೆ) ಇಟ್ಟರೆ, ತಲೆಯನ್ನು ಹಿಂದಕ್ಕೆ ಬಾಗಿಸಿ ನೀರು ಹಾಕಿದರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ.

ಥಾಣೆ ಜಿಲ್ಲೆಯ ನೀರೆಲ್ಲ ಈಜುಕೊಳವಲ್ಲ

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪಿಟ್ಸ್‌ಬರ್ಗ್‌ನ ನೀರಿನ ಲೆಕ್ಕ ಕಲ್ಯಾಣದ ನೀರಿಗೆ ಹೊಂದುತ್ತದೆಯೇ? ನಮ್ಮ ಕಿವಿ ತಜ್ಞರಲ್ಲಿ ಹಲವರು ಈಗಲೂ "ನೀರು ಬೇಡ" ಎನ್ನುವುದಕ್ಕೆ ಹಳೆಯ ಅಭ್ಯಾಸವೊಂದೇ ಕಾರಣ ಎಂದು ಹೇಳಿದರೆ ಅನ್ಯಾಯವಾದೀತು. ಮಗು ಯಾವ ನೀರಿಗೆ ಇಳಿಯುತ್ತದೆ ಎಂದು ತಿಳಿಯದ ವೈದ್ಯರಿಗೆ "ಬೇಡ" ಎನ್ನುವುದೇ ಸುರಕ್ಷಿತ ಉತ್ತರ. ಮೇಲೆ ಹೇಳಿದ ಮಾರ್ಗಸೂಚಿಯೂ ಕೆರೆ ಅಥವಾ ಕ್ಲೋರಿನ್ ಇಲ್ಲದ ನೀರು, ಆಗಲೇ ಸೋರುತ್ತಿರುವ ಕಿವಿ, ಪದೇ ಪದೇ ಸೋರುವ ಕಿವಿ, ಈಜುವಾಗ ನೋವಾಗುವ ಮಗು, ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಗು, ಇವರ ವಿಷಯದಲ್ಲಿ ಬೇರೆಯಾಗಿ ಯೋಚಿಸಲು ಜಾಗ ಬಿಟ್ಟಿದೆ.

ಥಾಣೆಯ ಮಾರೋತರಾವ್ ಶಿಂದೆ ಈಜುಕೊಳ, ಡೊಂಬಿವಲಿಯ ಸಾವಳಾರಾಮ್ ಮಹಾರಾಜ್ ಕ್ರೀಡಾ ಸಂಕೀರ್ಣದ ಕೊಳ, ವಾಶಿಯ ಫಾದರ್ ಆಗ್ನೆಲ್ ಕ್ರೀಡಾ ಸಂಕೀರ್ಣ, ಘೋಡ್‌ಬಂದರ್ ರಸ್ತೆಯ ಹೊಸ ಟವರ್‌ಗಳ ಕೊಳಗಳು, ಇವೆಲ್ಲ ಒಂದು ಬಗೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಕ್ಲೋರಿನ್ ಎಷ್ಟಿದೆ ಎಂಬುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ಕೊಳದ ನೀರಿನಲ್ಲಿ ಮುಕ್ತ ಕ್ಲೋರಿನ್ ಕನಿಷ್ಠ 1 ಪಿಪಿಎಂ, ಪಿಎಚ್ 7.0ರಿಂದ 7.8ರ ನಡುವೆ ಇರಬೇಕು. ದೊಡ್ಡ ಕೊಳಗಳಲ್ಲಿ ಇದನ್ನು ಬರೆದಿಡುವ ದಾಖಲೆ ಪುಸ್ತಕ ಇರುವುದು ವಾಡಿಕೆ. ನನ್ನ ಅನುಮಾನ ಇರುವುದು ಸೊಸೈಟಿ ಕೊಳಗಳ ಮೇಲೆ. ಮೇ ತಿಂಗಳ ಬಿಸಿಲಲ್ಲಿ ಕ್ಲೋರಿನ್ ಬೇಗ ಕಡಿಮೆಯಾಗುತ್ತದೆ, ಸಂಜೆ 5ರ ಬ್ಯಾಚ್‌ನಲ್ಲಿ 40 ಮಕ್ಕಳು ಇಳಿದಾಗ ಇನ್ನಷ್ಟು ಇಳಿಯುತ್ತದೆ. ಅದನ್ನು ಅಳೆಯುವ ಕೆಲಸ ಕೊನೆಗೆ ಸೆಕ್ಯುರಿಟಿಯವರ ಪಾಲಿಗೆ ಬಂದಿರುತ್ತದೆ. ನೀರು ನೀಲಿಯಾಗಿ ಕಂಡರೆ ಸಾಕೆಂದು ತಿಳಿಯಬೇಡಿ, ಟೈಲ್ಸ್ ನೀಲಿ ಇದ್ದರೆ ನೀರೂ ನೀಲಿ ಕಾಣುತ್ತದೆ. ಪರೀಕ್ಷಾ ಪಟ್ಟಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ನಾಲ್ಕು ಮನೆಯವರು ಸೇರಿ ಒಂದು ಡಬ್ಬಿ ತರಿಸಿದರೆ ಇಡೀ ಬೇಸಿಗೆಗೆ ಸಾಕು.

ಇನ್ನೊಂದು ಬಗೆ ನೀರು ನದಿ, ತಲಾವ್, ಜಲಪಾತಗಳದ್ದು. ಥಾಣೆಗೆ 'ತಲಾವ್‌ಗಳ ನಗರ' ಎಂಬ ಹೆಸರೇ ಇದೆ. ಆದರೆ ಮಾಸುಂದಾ, ಉಪವನ್ ನೋಡಲು ಚೆಂದ, ಮಗುವಿನ ಕಿವಿಗೆ ಅಲ್ಲ. ಉಲ್ಹಾಸ್ ನದಿಯ ಬದ್ಲಾಪುರ–ಮೋಹನೆ ಭಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಕಲುಷಿತ ನದಿ ಭಾಗಗಳಲ್ಲಿ ಸೇರಿದೆ. ಅಂಬರ್‌ನಾಥ್, ಉಲ್ಹಾಸ್‌ನಗರ ದಾಟಿ ಕಲ್ಯಾಣಕ್ಕೆ ಬರುವ ವಾಲಧುನಿಯ ಸ್ಥಿತಿ ಸ್ಥಳೀಯರಿಗೆ ಹೇಳಬೇಕಾಗಿಲ್ಲ. ಎರಡರ ಮಾಲಿನ್ಯದ ವಿವಾದ ಹಸಿರು ನ್ಯಾಯಮಂಡಳಿಯ ತನಕ ಹೋಗಿದೆ. ಸ್ನಾನಕ್ಕೆ ಬಳಸುವ ಬಯಲು ನೀರಿನ 100 ಮಿಲಿಲೀಟರ್‌ನಲ್ಲಿ ಮಲಜನ್ಯ ಕೋಲಿಫಾರ್ಮ್ 500ರೊಳಗೆ ಇರುವುದು ಒಳಿತು, 2,500 ಮೀರಲೇಬಾರದು ಎಂಬುದು ನಮ್ಮದೇ ದೇಶದ ಮಾನದಂಡ. ಗ್ರೋಮೆಟ್ ಇರುವ ಮಗುವಿಗೆ ಇಂಥ ನೀರಲ್ಲಿ ಇಯರ್‌ಪ್ಲಗ್ ಹಾಕಬೇಕೋ ಬೇಡವೋ ಎಂಬ ಚರ್ಚೆಯೇ ಬೇಡ, ಇಳಿಸದಿರುವುದೇ ಸರಿ.

ಖಾರ್‌ಘರ್‌ನ ಪಾಂಡವ್‌ಕಡಾ ಜಲಪಾತ, ಬದ್ಲಾಪುರ ಬಳಿಯ ಕೊಂಡೇಶ್ವರ ಮಳೆಗಾಲದ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು. ಅಲ್ಲಿ ಕಿವಿಗಿಂತ ಜೀವದ ಪ್ರಶ್ನೆ ದೊಡ್ಡದು. ಜನರು ಕೊಚ್ಚಿಹೋದ ಘಟನೆಗಳ ನಂತರ ಮಳೆಗಾಲದಲ್ಲಿ ಪಾಂಡವ್‌ಕಡಾಕ್ಕೆ ಪ್ರವೇಶ ನಿರ್ಬಂಧಿಸುವುದು ರೂಢಿಯಾಗಿದೆ.

ಮತ್ಸ್ಯಗಂಧ ಹತ್ತಿದ ಮೇಲೆ

ಮುಂಬಯಿ ಕನ್ನಡಿಗರ ಮನೆಗಳಿಗೆ ಮೂರನೆಯ ಬಗೆಯ ನೀರೂ ಇದೆ. ಮೇ ತಿಂಗಳಲ್ಲಿ ಥಾಣೆಯಲ್ಲೋ ಪನ್ವೆಲ್‌ನಲ್ಲೋ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಗ್ಗೆ ಕುಂದಾಪುರ, ಉಡುಪಿ. ವರ್ಷವಿಡೀ ನಾಲ್ಕು ಗೋಡೆಯೊಳಗಿದ್ದ ಮಗುವಿಗೆ ಅಲ್ಲಿ ಮನೆ ಹಿಂದಿನ ಕೆರೆ, ತೋಟದ ತೋಡು, ಹೊಳೆ, ಕಡಲು. ಸೋದರಮಾವಂದಿರು, ದೊಡ್ಡಮ್ಮನ ಮಕ್ಕಳು ಎಲ್ಲರೂ ಧುಮುಕುತ್ತಿರುವಾಗ ಈ ಮಗು ದಡದಲ್ಲಿ ಎಷ್ಟು ಹೊತ್ತು ಕುಳಿತೀತು? ಅಜ್ಜಿಗೆ ಗ್ರೋಮೆಟ್ ಎಂದರೇನೆಂದು ಯಾರೂ ಹೇಳಿರುವುದಿಲ್ಲ.

ಹೇಳದಿದ್ದರೆ ಆಗುವ ಇನ್ನೊಂದು ಅನಾಹುತ ಎಣ್ಣೆಯದ್ದು. ತಲೆಗೆ ಎಣ್ಣೆ ಹಚ್ಚುವಾಗ ಎರಡೂ ಕಿವಿಗೆ ಎರಡು ಹನಿ ಬಿಸಿ ಕೊಬ್ಬರಿ ಎಣ್ಣೆ ಬಿಡುವುದು ಕರಾವಳಿಯಿಂದ ಬಯಲುಸೀಮೆಯವರೆಗೆ ಎಷ್ಟೋ ಮನೆಗಳ ರೂಢಿ. ಗ್ರೋಮೆಟ್ ಇರುವ ಕಿವಿಗೆ ಎಣ್ಣೆ ಹಾಕಲೇಬಾರದು. ನಳಿಕೆ ಕಟ್ಟಿಕೊಳ್ಳಬಹುದು, ನಡುಕಿವಿಗೂ ಇಳಿಯಬಹುದು. ಈಜಿನ ಬಗ್ಗೆ ಹತ್ತು ಸಲ ಎಚ್ಚರಿಸುವ ಪೋಷಕರು ಈ ಎಣ್ಣೆಯ ಮಾತನ್ನು ಊರಿಗೆ ಫೋನ್ ಮಾಡಿ ಮೊದಲೇ ಹೇಳಿಡುವುದು ಒಳ್ಳೆಯದು. ಅಜ್ಜಿಗೆ ಬೇಸರವಾಗದಂತೆ ಹೇಳುವುದು ನಿಮಗೆ ಬಿಟ್ಟದ್ದು.

ಈಜು ಕಲಿಯದಿದ್ದರೆ ತೆರುವ ಬೆಲೆ

ನಿಷೇಧಕ್ಕೂ ಒಂದು ಬೆಲೆ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಭಾರತದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸುವುದು ಆ ಸಂಸ್ಥೆ ಸೂಚಿಸುವ ಮುಖ್ಯ ಕ್ರಮಗಳಲ್ಲಿ ಒಂದು.

ಒಂದು ಕಡೆ ಕಿವಿ ಸೋರುವಿಕೆ. ಬೇಸರದ್ದು ನಿಜ, ಆದರೆ ಹನಿ ಔಷಧಿಯಿಂದ ಬಹುಮಟ್ಟಿಗೆ ವಾರದಲ್ಲಿ ಗುಣವಾಗುವಂಥದ್ದು. ಇನ್ನೊಂದು ಕಡೆ ಈಜು ಬಾರದ ಏಳು ವರ್ಷದ ಮಗು ಊರಿನ ಕೆರೆಯ ದಡದಲ್ಲಿ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ಇಟ್ಟರೆ, ಡೊಂಬಿವಲಿಯ ಕ್ಲೋರಿನ್ ನೀರಿನಲ್ಲಿ ಕೋಚ್ ಕಣ್ಣೆದುರು ಕಲಿಯುವುದನ್ನು ತಪ್ಪಿಸುವುದು ಯಾವ ಎಚ್ಚರಿಕೆ?

ಆದರೆ ಕೋಚ್‌ಗೆ ವಿಷಯ ಗೊತ್ತಿರಬೇಕು. ವೈದ್ಯರು ನಿಮ್ಮ ಮಗುವಿಗೆ ಪ್ಲಗ್ ಹಾಕಲು ಹೇಳಿದ್ದರೆ, ಪ್ಲಗ್ ಹಾಕಿದ ಮಗುವಿಗೆ ವಿಷಲ್ ಸರಿಯಾಗಿ ಕೇಳುವುದಿಲ್ಲ. 30 ಮಕ್ಕಳ ಗಲಾಟೆಯಲ್ಲಿ "ಆ ಕಡೆ ಹೋಗಬೇಡ" ಎಂದು ಕೂಗಿದರೆ ಅದು ಅವನಿಗಲ್ಲ. ಕೈಸನ್ನೆ ಮೊದಲೇ ನಿಗದಿ ಮಾಡಿಕೊಳ್ಳಬೇಕು, ಮಗುವನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಬೇಕು. ತಣ್ಣೀರು ನಡುಕಿವಿಗೆ ಹೋದರೆ ಕೆಲವರಿಗೆ ತಲೆಸುತ್ತು ಬರಬಹುದು, ನೀರಿನಲ್ಲಿ ತಲೆಸುತ್ತು ಎಂದರೆ ಹುಡುಗಾಟವಲ್ಲ. "ಅಪ್ಪಾ, ತಿರುಗಿದಂಗಾಗ್ತಿದೆ" ಎಂದ ಮಗುವನ್ನು ತಕ್ಷಣ ಮೇಲೆತ್ತಬೇಕು. ಪುಟ್ಟ ಮಕ್ಕಳಿದ್ದರೆ ದೊಡ್ಡವರು ಕೈಗೆಟುಕುವಷ್ಟು ಹತ್ತಿರ ಇರಬೇಕು, ಬೆಂಚಿನಲ್ಲಿ ಕುಳಿತು ರೀಲ್ಸ್ ನೋಡುವುದು ಕಾವಲಲ್ಲ. ಡೈವಿಂಗ್ ಬೋರ್ಡ್, ವಾಟರ್ ಪಾರ್ಕ್‌ನ ಎತ್ತರದ ಸ್ಲೈಡ್‌ಗಳು ಟ್ಯೂಬ್ ಬಿದ್ದ ಮೇಲೆ ಆಗಲಿ. ಆಪರೇಷನ್ ಆದ ತಕ್ಷಣದ ದಿನಗಳಲ್ಲಿ ಕಿವಿ ಒಣಗಿರಬೇಕು, ಎಷ್ಟು ದಿನ ಎಂಬುದನ್ನು ಆಪರೇಷನ್ ಮಾಡಿದ ವೈದ್ಯರೇ ಹೇಳಬೇಕು.

ಕಿವಿ ಸೋರಿದರೆ ಮೆಡಿಕಲ್ ಶಾಪ್‌ಗೆ ಓಡಬೇಡಿ

ಇಷ್ಟಾದರೂ ಕಿವಿ ಸೋರಬಹುದು. ಆಗ ಈಜು ನಿಲ್ಲಿಸಿ, ವೈದ್ಯರನ್ನು ಕಾಣಿ. ಇಲ್ಲಿ ನಮ್ಮ ಕಡೆ ಎರಡು ತಪ್ಪು ಸಾಮಾನ್ಯ.

ಮೊದಲನೆಯದು, ಬಾಯಿಗೆ ಹಾಕುವ ಆಂಟಿಬಯೋಟಿಕ್ ಸಿರಪ್. 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ 230 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ, ಕಿವಿಗೆ ಆಂಟಿಬಯೋಟಿಕ್–ಸ್ಟಿರಾಯ್ಡ್ ಹನಿ ಹಾಕಿದವರಲ್ಲಿ ಎರಡು ವಾರದ ನಂತರ ಶೇ 5 ಮಕ್ಕಳಿಗೆ ಮಾತ್ರ ಕಿವಿ ಸೋರುತ್ತಿತ್ತು. ಬಾಯಿಗೆ ಔಷಧ ಕೊಟ್ಟವರಲ್ಲಿ ಅದು ಶೇ 44, ಏನೂ ಕೊಡದೆ ಕಾದವರಲ್ಲಿ ಶೇ 55. ಅಂದರೆ ಜ್ವರ ಇಲ್ಲದ, ಗ್ರೋಮೆಟ್ ಇರುವ ಕಿವಿ ಸೋರುತ್ತಿದ್ದರೆ ಸಿರಪ್‌ಗಿಂತ ಹನಿಯೇ ಮೇಲು. ನಳಿಕೆಯ ತೂತು ಇರುವುದರಿಂದಲೇ ಹನಿ ನೇರ ಸೋಂಕಿನ ಜಾಗಕ್ಕೆ ಇಳಿಯುತ್ತದೆ. ಈಜುಕೊಳದ ನೀರಿಗೆ ನಾವು ಹೆದರುವ ಅದೇ ತೂತು ಇಲ್ಲಿ ಅನುಕೂಲಕ್ಕೆ ಬರುತ್ತದೆ.

ಎರಡನೆಯದು, ಯಾವುದೋ ಹಳೆಯ ಹನಿ ಬಾಟಲಿ. ಜೆಂಟಾಮೈಸಿನ್, ನಿಯೋಮೈಸಿನ್‌ನಂಥ ಔಷಧಿ ಇರುವ ಹನಿಗಳು ತಮಟೆಯಲ್ಲಿ ತೂತಿರುವಾಗ ಒಳಕಿವಿಗೆ ಹಾನಿ ಮಾಡಬಲ್ಲವು. ಕೇಳುವಿಕೆ ಉಳಿಸಲೆಂದು ಗ್ರೋಮೆಟ್ ಹಾಕಿಸಿ, ಅದೇ ಕೇಳುವಿಕೆಗೆ ಕುತ್ತು ತಂದುಕೊಳ್ಳುವುದು ಬೇಡ. ಔಷಧಿ ಅಂಗಡಿಯವರಿಗಾಗಲಿ, ಊರಿನ ಡಾಕ್ಟರಿಗಾಗಲಿ "ಕಿವಿಯಲ್ಲಿ ಟ್ಯೂಬ್ ಇದೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಯೋಜನೆ ಇಲ್ಲಿಂದಲೇ ಶುರುವಾಗಿತ್ತು

ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ 2013ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಪಾಲ್ಘರ್‌ನಲ್ಲಿ. ಆಗ ಪಾಲ್ಘರ್ ಇನ್ನೂ ಥಾಣೆ ಜಿಲ್ಲೆಯ ಭಾಗವಾಗಿತ್ತು. ಆ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ನಡುಕಿವಿಯ ಉರಿಯೂತವೂ ಇದೆ, ಶ್ರವಣ ದೋಷವೂ ಇದೆ. ಕಾಗದದ ಮೇಲೆ ಮಗುವಿನ ಕಿವಿಯನ್ನು ಗುರುತಿಸುವ ದಾರಿ ಹಾಕಿ ಹತ್ತು ವರ್ಷ ದಾಟಿದೆ. ಆದರೆ ಗುರುತಿಸಿ, ಚಿಕಿತ್ಸೆ ಆಗಿ, ಮಗು ಶಾಲೆಗೆ ಮರಳಿದ ಮೇಲೆ ಏನು ಎಂಬುದು ಪೋಷಕರ ಹೆಗಲಿಗೇ ಬೀಳುತ್ತದೆ.

ಈಜುಕೊಳಗಳ ಪ್ರವೇಶಕ್ಕೆ ವೈದ್ಯರ ಪ್ರಮಾಣಪತ್ರ ಕೇಳುವುದು ವಾಡಿಕೆ. ಅದರಲ್ಲಿ "ಕಿವಿ ತೊಂದರೆ ಇಲ್ಲ" ಎಂಬ ಒಂದೇ ಸಾಲಿದ್ದರೆ, ಕೀವು ಸೋರುತ್ತಿರುವ ಕಿವಿಯೂ ಒಣಗಿದ, ಗ್ರೋಮೆಟ್ ಇರುವ ಕಿವಿಯೂ ಒಂದೇ ಆಗಿಬಿಡುತ್ತವೆ. ಆಗ ಪೋಷಕರ ಮುಂದೆ ಎರಡೇ ದಾರಿ, ಮಗುವನ್ನು ಮನೆಯಲ್ಲಿ ಕೂರಿಸುವುದು ಇಲ್ಲವೇ ವಿಷಯ ಮುಚ್ಚಿಡುವುದು. ಮುಚ್ಚಿಟ್ಟರೆ ಕೋಚ್‌ಗೆ ಏನೂ ತಿಳಿಯುವುದಿಲ್ಲ. "ಗ್ರೋಮೆಟ್ ಇದೆ, ಕಿವಿ ಒಣಗಿದೆ, ಕ್ಲೋರಿನ್ ನೀರಿನಲ್ಲಿ ಈಜಬಹುದು, ಆಳಕ್ಕೆ ಮುಳುಗುವುದು ಬೇಡ" ಎಂದು ನಾಲ್ಕು ತುಣುಕು ಬರೆಯಲು ಅರ್ಜಿಯಲ್ಲಿ ಜಾಗವಿದ್ದರೆ ಸಾಕು. ಇದಕ್ಕೆ ಪಾಲಿಕೆಗೆ ಹೊಸ ಬಜೆಟ್ ಬೇಕಿಲ್ಲ. ಡೊಂಬಿವಲಿಯ ಮಂಜುನಾಥ ವಿದ್ಯಾಲಯದಂಥ ಶಾಲೆಗಳನ್ನು ನಡೆಸುವ ಇಲ್ಲಿನ ಕನ್ನಡ ಸಂಘಗಳಿಗೂ, ರಜೆಗೆ ಮೊದಲು ಒಂದು ಪುಟದ ಮಾಹಿತಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚುವುದು ದೊಡ್ಡ ಕೆಲಸವಲ್ಲ. ಅದರ ಒಂದು ಪ್ರತಿ ಊರಿನ ಅಜ್ಜಿಯ ಮನೆಗೂ ತಲುಪಬೇಕು.

ಅಲ್ಲಿಯವರೆಗೆ, ಮುಂದಿನ ಸಲ ವೈದ್ಯರ ಬಳಿ ಹೋದಾಗ "ಈಜಬಹುದಾ ಡಾಕ್ಟ್ರೇ?" ಎಂದಷ್ಟೇ ಕೇಳಬೇಡಿ. ಯಾವ ಕೊಳ, ಎಷ್ಟು ಆಳ, ಕ್ಲೋರಿನ್ ಇದೆಯೋ ಇಲ್ಲವೋ, ಮೇ ತಿಂಗಳಲ್ಲಿ ಎಲ್ಲಿಗೆ ಹೋಗುತ್ತೀರಿ ಎಂಬುದನ್ನೂ ಹೇಳಿ ಕೇಳಿ.